ಕರೆ ಹಿಡಿದ ಬೆರಳು

ನವೆಂಬರ್ ಬಂತೆಂದರೆ ನಮ್ಮ ಕಡೆ ಹೆಂಗಸರ ಕೈ ಕಪ್ಪಾಗುತ್ತದೆ. ಅಡಿಕೆ ಕೊಯ್ಲು ಶುರುವಾಗುವುದೇ ಆಗ. ಹಗಲು ಕೊನೆಗೌಡ ಇಳಿಸಿದ ಕೊನೆಗಳು ಸಂಜೆಗೆ ಅಂಗಳಕ್ಕೆ ಬಂದು ಬೀಳುತ್ತವೆ. ರಾತ್ರಿ ಊಟವಾದ ಮೇಲೆ ಚಪ್ಪರದಡಿ ಮೆಟ್ಟುಗತ್ತಿಗಳ ಸಾಲು. ಹಸಿ ಅಡಿಕೆಯ ಒಗರಿಗೆ ಕತ್ತಿಯ ಕಬ್ಬಿಣ ಸೇರಿ ಬೆರಳಿನ ಸಂದಿ, ಉಗುರಿನ ಸುತ್ತ, ಅಂಗೈಯ ಗೆರೆ ಎಲ್ಲ ಕರೆ ಹಿಡಿಯುತ್ತದೆ. ನಿಂಬೆಹಣ್ಣಿನ ಹೋಳಿನಲ್ಲಿ ತಿಕ್ಕಿದರೆ ಒಂದಿಷ್ಟು ಹೋಗುತ್ತದೆ ನಿಜ, ಮರುದಿನ ರಾತ್ರಿ ಮತ್ತೆ ಅಷ್ಟೇ. ಹಾಗಾಗಿ ಸುಗ್ಗಿ ಮುಗಿಯುವ ತನಕ ತಿಕ್ಕುವ ಗೋಜಿಗೆ ಯಾರೂ ಹೋಗುವುದಿಲ್ಲ. ಮದುವೆ ಮನೆಗೆ ಹೋಗುವುದಿದ್ದರೆ ಮಾತ್ರ ನಿಂಬೆಹಣ್ಣು.

1989ರ ನವೆಂಬರಿನಲ್ಲಿ ಚುನಾವಣೆ ಬಂದಾಗ ನನ್ನ ಕೈ ಹಾಗಿತ್ತು. ಊರು ಹೊಸನಗರ ತಾಲ್ಲೂಕಿನದು. ಪಿಯುಸಿ ಮುಗಿಸಿ ಮನೆಯಲ್ಲಿದ್ದೆ, ಜಾತಕ ಹೊರಗೆ ಹೋಗಿತ್ತು.

ನನ್ನ ವಯಸ್ಸಿನ ಬಗ್ಗೆ ಮನೆಯಲ್ಲಿ ಎರಡು ಲೆಕ್ಕ. ಅಜ್ಜಿಯ ಲೆಕ್ಕದಲ್ಲಿ ನಾನು ಹುಟ್ಟಿದ್ದು 'ಕೊಟ್ಟಿಗೆ ಮಾಡು ಹಾರಿದ ವರ್ಷ, ನವರಾತ್ರಿ ಕಳೆದ ಮೇಲೆ'. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರ ಲೆಕ್ಕದಲ್ಲಿ ಜೂನ್ 1, 1970. ನಮ್ಮ ತರಗತಿಯ ಅರ್ಧ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದವರು. ಎರಡರಲ್ಲಿ ಯಾವುದನ್ನು ಹಿಡಿದರೂ ಇಪ್ಪತ್ತೊಂದಾಗಿರಲಿಲ್ಲ. ಆದರೆ ಆ ವರ್ಷದ ಮಾರ್ಚ್ 28ರಿಂದ ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದಿತ್ತು, ಓಟಿನ ವಯಸ್ಸು ಹದಿನೆಂಟಕ್ಕೆ ಇಳಿದಿತ್ತು. ಹೆಣ್ಣಿನ ಮದುವೆಗೆ ಹದಿನೆಂಟು ಸಾಕೆಂದು ಕಾನೂನು 1978ರಲ್ಲೇ ಹೇಳಿತ್ತು. ಓಟಿಗೂ ಅಷ್ಟೇ ಸಾಕು ಅನ್ನುವುದಕ್ಕೆ ಮತ್ತೆ ಹತ್ತು ಹನ್ನೊಂದು ವರ್ಷ ಬೇಕಾಯಿತು. ಗಂಡನನ್ನು ಆರಿಸುವುದಕ್ಕಿಂತ ಎಂಎಲ್ಎ ಆರಿಸುವುದು ಕಷ್ಟವೆಂದು ಅವರಿಗೆ ಅನಿಸಿರಬೇಕು. ಅಥವಾ, ಗಂಡನನ್ನು ಹೇಗೂ ಅಪ್ಪನೇ ಆರಿಸುತ್ತಾನಲ್ಲ ಎಂದು.

ಆ ಸಲ ಲೋಕಸಭೆಗೂ ವಿಧಾನಸಭೆಗೂ ಜೊತೆಗೇ ಚುನಾವಣೆ. ರಾಜ್ಯದಲ್ಲಿ ಏಪ್ರಿಲಿನಿಂದ ಸರ್ಕಾರವೇ ಇರಲಿಲ್ಲ, ಬೊಮ್ಮಾಯಿಯವರ ಸರ್ಕಾರ ವಜಾ ಆಗಿ ರಾಷ್ಟ್ರಪತಿ ಆಳ್ವಿಕೆ ನಡೆದಿತ್ತು. ನಮ್ಮ ಮನೆಯಲ್ಲಿ ಮಾತ್ರ ಎರಡು ಸರ್ಕಾರ. ಅಪ್ಪ 'ಕೈ', ಚಿಕ್ಕಪ್ಪ 'ಚಕ್ರ'. ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತು ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ನಡುವೆ ಬಡಿಸುವವರಿಗೆ ಹೇಳುತ್ತಿದ್ದರು. "ಅತ್ತಿಗೆ, ಬೋಫೋರ್ಸ್ ದುಡ್ಡು ಎಲ್ಲಿ ಹೋಯ್ತು ಅಂತ ಕೇಳಿ ಆ ಕಡೆಯವರನ್ನ." "ಸಾರು ಹಾಕೆ. ಬಾಯಿ ಮುಚ್ಚಿ ಉಣ್ಣಲಿ ಅವನು." ಅಮ್ಮ ಸಾರು ಹಾಕುತ್ತಿದ್ದಳು.

ನನ್ನ ಓಟು ತಮ್ಮದೇ ಎನ್ನುವುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. ಅಪ್ಪನಿಗೆ ನಾನು ಮಗಳು. ಚಿಕ್ಕಪ್ಪನಿಗೆ, ಸೈಕಲ್ ಕಲಿಸಿಕೊಟ್ಟ ಋಣ. ಅಪ್ಪ ಒಂದು ಸಂಜೆ ಹಳೇ ಪಂಚಾಂಗದ ಎರಡು ಹಾಳೆ ಕಿತ್ತು ಮಡಿಸುವುದನ್ನು ಕಲಿಸಿದ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಅಡ್ಡಕ್ಕೆ ಮೊದಲು ಮಡಿಸಿದರೆ ಮುದ್ರೆಯ ಹಸಿ ಮಸಿ ಇನ್ನೊಬ್ಬನ ಮನೆಗೆ ಅಂಟುತ್ತದೆ. ಹಾಗೆ ಅಂಟಿದರೂ ಪತ್ತೆ ಹಚ್ಚಲೆಂದೇ ಮುದ್ರೆಗೆ ಬಾಣದ ತುದಿಯ ಅಡ್ಡಗೆರೆಗಳ ಗುರುತು. ಅಂಟಿದ್ದು ಕನ್ನಡಿಯಲ್ಲಿ ಕಂಡ ಹಾಗೆ ತಿರುವಿರುತ್ತದೆ, ಒತ್ತಿದ್ದು ನೆಟ್ಟಗಿರುತ್ತದೆ. ಇಷ್ಟೆಲ್ಲ ವಿವರಿಸಿದ ಅಪ್ಪ ಎಲ್ಲಿ ಒತ್ತಬೇಕೆಂದು ಮಾತ್ರ ಹೇಳಲಿಲ್ಲ. ಪಂಚಾಂಗದ ಹಾಳೆಯಲ್ಲಿ ಬಲಗೈ ಇಟ್ಟು ಒಮ್ಮೆ ಕೆಮ್ಮಿದ, ಅಷ್ಟೇ.

ಓಟಿನ ದಿನ ನಾನು ಅಜ್ಜಿಯ ಜೊತೆ ಹೊರಟೆ. ಶಾಲೆ ಎರಡು ಮೈಲಿ, ತೋಟದ ಸಂಕ ದಾಟಿ ಗುಡ್ಡ ಹತ್ತಿ ಇಳಿಯಬೇಕು. ಅಜ್ಜಿ ಕವಳ ಹಾಕಿಕೊಂಡು ದಾರಿಯುದ್ದಕ್ಕೂ 1952ರ ಕತೆ ಹೇಳಿದಳು. ಆಗ ಮುದ್ರೆ ಇರಲಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ. ಪರದೆಯ ಹಿಂದೆ ಹೋಗಿ ಬೇಕಾದ ಗುರುತಿನ ಪೆಟ್ಟಿಗೆಗೆ ಚೀಟಿ ಇಳಿಬಿಟ್ಟು ಬಂದರೆ ಮುಗಿಯಿತು. ಅಜ್ಜ ಹಿಂದಿನ ರಾತ್ರಿ, "ಜೋಡೆತ್ತು. ಮರೆಯಬೇಡ, ನಮ್ಮ ಕೊಟ್ಟಿಗೇಲಿ ಇರೋದೇ" ಎಂದು ಹೇಳಿ ಕಳಿಸಿದ್ದ. ಒಳಗೆ ಹೋದರೆ ಜೋಡೆತ್ತಿನ ಪಕ್ಕ ಮರದ ಗುರುತಿನ ಪೆಟ್ಟಿಗೆ.

"ಜೋಡೆತ್ತಿನ ಎದುರೂ ನಿಂತೆ, ಮರದ ಎದುರೂ ನಿಂತೆ" ಎಂದಳು ಅಜ್ಜಿ.

"ಆಮೇಲೆ?"

"ಆಮೇಲೆಂತ. ಕೈ ಮುಗಿದು ಬಂದೆ."

ಇದು ಸಣ್ಣ ಮಾತಲ್ಲ. ಮರದ ಗುರುತು ಸಮಾಜವಾದಿಗಳದ್ದು. ಸಾಗರದ ಹತ್ತಿರ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದು ಆಗಿನ್ನೂ ವರ್ಷವಾಗಿತ್ತಷ್ಟೆ. ಆ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದವರು ಶಾಂತವೇರಿ ಗೋಪಾಲಗೌಡರು. ಅಜ್ಜನೋ ಗೇಣಿ ಪಡೆಯುವ ಒಡೆಯ. ಒಡೆಯನ ಹೆಂಡತಿ ಮರದ ಎದುರು ಎಷ್ಟು ಹೊತ್ತು ನಿಂತಳು, ಚೀಟಿ ಎಲ್ಲಿ ಇಳಿಬಿಟ್ಟಳು? ಗುಡ್ಡ ಇಳಿಯುವವರೆಗೂ ಕೇಳಿದೆ. ಕೊನೆಗೆ ಅಜ್ಜಿ ಕವಳ ಉಗಿದು ಹೇಳಿದಳು: "ಗಂಡನ ಹೆಸರು, ಹಾಕಿದ ಓಟು, ಎರಡೂ ಬಾಯಲ್ಲಿ ಬರಬಾರದು."

ಶಾಲೆ ನಾನು ಏಳನೇ ತರಗತಿಯವರೆಗೆ ಓದಿದ ಶಾಲೆಯೇ. ಗೋಡೆಯ ಮೇಲೆ ಹದಿನಾರರ ಮಗ್ಗಿ ಹಾಗೇ ಇತ್ತು. ಬಾಗಿಲಿನಾಚೆ ದೂರದಲ್ಲಿ ಎರಡು ಮೇಜು, ಒಂದರಲ್ಲಿ ಅಪ್ಪನ ಕಡೆಯವರು, ಇನ್ನೊಂದರಲ್ಲಿ ಚಿಕ್ಕಪ್ಪನ ಕಡೆಯವರು ಕೂತು ಕ್ರಮಸಂಖ್ಯೆಯ ಚೀಟಿ ಬರೆದುಕೊಡುತ್ತಿದ್ದರು. ನಾನು ಎರಡು ಕಡೆಯೂ ಚೀಟಿ ತೆಗೆದುಕೊಂಡೆ. ಫೋಟೋ ಇರುವ ಗುರುತಿನ ಚೀಟಿಯ ಕಾಲ ಅದಲ್ಲ, ಅದು ಬಂದದ್ದು 1993ರಲ್ಲಿ, ಶೇಷನ್ ಅವರು ಬಂದ ಮೇಲೆ. ಒಳಗೆ ಕೂತ ಏಜೆಂಟರು "ಹೌದು, ಇವಳು ಇಂಥವರ ಮಗಳು" ಎಂದರೆ ಆಯಿತು.

ಅಧಿಕಾರಿಗಳು ಬಯಲುಸೀಮೆಯಿಂದ ಬಂದವರು. ಪಾಪ, ಹಿಂದಿನ ರಾತ್ರಿ ಶಾಲೆಯಲ್ಲೇ ಮಲಗಿ ಇಂಬಳದ ಭಯಕ್ಕೆ ನಿದ್ದೆ ಮಾಡಿರಲಿಲ್ಲ. ನವೆಂಬರಿನಲ್ಲಿ ಇಂಬಳ ಅಷ್ಟಿರುವುದಿಲ್ಲವೆಂದು ಅವರಿಗೆ ಹೇಳಿದವರಾರು. ಮೊದಲು ಅಜ್ಜಿಯ ಸರದಿ. ಪಟ್ಟಿ ಹಿಡಿದವರು ಅಜ್ಜಿಯ ಹೆಸರು ಓದಿ, ಖಾತ್ರಿಗೆಂದು ಕೇಳಿದರು.

"ಯಜಮಾನ್ರ ಹೆಸ್ರೇನಜ್ಜಿ?"

ಅಜ್ಜ ಹೋಗಿ ಆಗಲೇ ಆರು ವರ್ಷ. ಆದರೂ ಅಜ್ಜಿ ಸೆರಗು ಸರಿಮಾಡಿಕೊಂಡಳು. "ಕುಕ್ಕೆಯಲ್ಲಿ ಇದ್ದಾನಲ್ಲ, ಅವನದ್ದೇ."

"ಕುಕ್ಕೇಲಾ? ಯಾವ ಕುಕ್ಕೇಲಜ್ಜಿ?" ಎಂದು ಅವರು ಮೇಜಿನಡಿ ನೋಡಿದರು, ಬುಟ್ಟಿ ಏನಾದರೂ ಇದೆಯೋ ಎಂದು.

ಬೆಂಚಿನ ಮೇಲೆ ಕೂತಿದ್ದ ಎರಡೂ ಪಕ್ಷದ ಏಜೆಂಟರು ಒಟ್ಟಿಗೇ ಅಜ್ಜನ ಹೆಸರು ಕೂಗಿದರು. ಅಜ್ಜಿ, ಕೇಳಿಸಿಕೊಂಡೂ ಕೇಳಿಸದವಳಂತೆ, ತಲೆಯಾಡಿಸಿದಳು. ಆಮೇಲೆ ಎಲ್ಲೋ ಓದಿದೆ: ಮೊದಲ ಮಹಾಚುನಾವಣೆಗೆ ಪಟ್ಟಿ ಬರೆಯುವಾಗ ಉತ್ತರದ ಕೆಲವು ರಾಜ್ಯಗಳಲ್ಲಿ ಹೆಂಗಸರು 'ಇಂಥವನ ಹೆಂಡತಿ, ಇಂಥವಳ ತಾಯಿ' ಎಂದಷ್ಟೇ ಬರೆಸಿ ಸ್ವಂತ ಹೆಸರು ಹೇಳದೆ ಹೋದರಂತೆ. ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ, ಸುಮಾರು 28 ಲಕ್ಷ ಹೆಸರು ಪಟ್ಟಿಯಿಂದ ಬಿಟ್ಟುಹೋದವು. ಅಜ್ಜಿಯ ಕಷ್ಟ ಅದರ ತಿರುವು. ತನ್ನ ಹೆಸರು ಹೇಳುವುದಕ್ಕೆ ಅವಳಿಗೆ ಯಾವ ಸಂಕೋಚವೂ ಇರಲಿಲ್ಲ.

ನನ್ನ ಸರದಿ. ಮಸಿ ಹಾಕುವವರ ಮುಂದೆ ಮರಳು ತುಂಬಿದ ತಗಡಿನ ಡಬ್ಬಿ, ಮಗುಚದಿರಲೆಂದು ಅದರಲ್ಲಿ ಹುಗಿದಿಟ್ಟ ಪುಟ್ಟ ಸೀಸೆ. ಅವರು ನನ್ನ ಎಡಗೈ ತೋರುಬೆರಳು ಹಿಡಿದು ನೋಡಿದರು. ಬಿಟ್ಟರು. ಮತ್ತೆ ಹಿಡಿದರು.

"ಸಾರ್" ಎಂದು ದೊಡ್ಡ ಅಧಿಕಾರಿಯನ್ನು ಕರೆದರು. "ಈ ಹುಡ್ಗಿ ಆಗ್ಲೇ ಹಾಕ್ಬಿಟ್ಟಿದಾಳೆ."

ಕಣ್ಣಿಗೆ ಕತ್ತಲೆ ಬಂತು. ಜೀವಮಾನದ ಮೊದಲ ಓಟು, ಹಾಕುವ ಮೊದಲೇ ಕಳ್ಳ ಓಟು! ದೊಡ್ಡ ಅಧಿಕಾರಿ ಕನ್ನಡಕ ಮೇಲೇರಿಸಿ ಬಂದರು. "ಎಲ್ಲಿ ಹಾಕಿ ಬಂದ್ಯಮ್ಮಾ? ನಿಜ ಹೇಳು." ನನಗೆ ಮಾತೇ ಹೊರಡಲಿಲ್ಲ, ಸುಮ್ಮನೆ ಎರಡೂ ಕೈ ಚಾಚಿದೆ. ಹತ್ತು ಬೆರಳೂ ಕಪ್ಪು. ಚಿಕ್ಕಪ್ಪ ಆ ಕೋಣೆಯಲ್ಲೇ ಏಜೆಂಟನಾಗಿ ಕೂತಿದ್ದ. ಅವನು ಬಾಯಿ ತೆರೆಯುವ ಮೊದಲೇ ಎದುರು ಪಕ್ಷದ ಏಜೆಂಟರು ಎದ್ದು ನಿಂತರು: "ಸಾರ್, ಹತ್ತು ಓಟು ಹಾಕುವವರು ನಮ್ಮ ಪಕ್ಷದಲ್ಲೂ ಇಲ್ಲ, ಅವರದ್ದರಲ್ಲೂ ಇಲ್ಲ. ಅದು ಅಡಿಕೆ ಕರೆ. ಸಾಲಿನಲ್ಲಿ ನಿಂತವರ ಕೈ ನೋಡಿ ಬೇಕಾದ್ರೆ." ಬಾಗಿಲಾಚೆ ನಿಂತ ಹೆಂಗಸರು, ಏನು ನಡೆದಿದೆಯೆಂದು ಸರಿಯಾಗಿ ತಿಳಿಯದೆಯೇ, ಒಬ್ಬೊಬ್ಬರಾಗಿ ಕೈ ಎತ್ತಿ ತೋರಿಸಿದರು. ನನಗೆ ಇವತ್ತಿಗೂ ಚುನಾವಣೆ ಎಂದರೆ ಕಣ್ಣ ಮುಂದೆ ಬರುವುದು ಆ ಕಪ್ಪು ಕೈಗಳು.

ಆಮೇಲೆ ಬಿಳಿ ಹಾಳೆ ಒಂದು, ನಸುಗೆಂಪು ಹಾಳೆ ಒಂದು. ಬಿಳಿಯದು ದಿಲ್ಲಿಗೆ, ನಸುಗೆಂಪಿನದು ಬೆಂಗಳೂರಿಗೆ. ಮುದ್ರೆ ಹಿಡಿದು ರಟ್ಟಿನ ಮರೆಗೆ ಹೋದೆ.

ಮೇಷ್ಟ್ರ ಮೇಜಿನ ಮೇಲೆ ಮೂರು ಕಡೆ ರಟ್ಟು ನಿಲ್ಲಿಸಿದ ಅಷ್ಟಗಲ ಜಾಗ. ನಮ್ಮದು ಹದಿನೇಳು ಜನರ ಮನೆ. ಬಚ್ಚಲಿಗೆ ಅಗುಳಿ ಇರಲಿಲ್ಲ, ಒಳಗೆ ಇದ್ದವರು ಹಾಡುತ್ತಿರಬೇಕು. ನನಗೆ ಬಂದ ಕಾಗದ ಅಪ್ಪ ಒಡೆದು, ಅಮ್ಮ ಓದಿಸಿ ಕೇಳಿ, ಆಮೇಲೆ ನನ್ನ ಕೈಗೆ. ಜಾತಕ ಎಲ್ಲಿಗೆ ಹೋಗಿದೆಯೆಂದು ಕೊನೆಗೌಡನಿಗೂ ಗೊತ್ತಿತ್ತು, ನನಗಷ್ಟೇ ಗೊತ್ತಿರಲಿಲ್ಲ. ಅಂಥವಳು ಈಗ ಆ ರಟ್ಟಿನ ಮರೆಯಲ್ಲಿ ಒಬ್ಬಳೇ ನಿಂತಿದ್ದೆ, ಸರ್ಕಾರದವರೇ ನಿಲ್ಲಿಸಿದ್ದರು, ಇಣುಕಿದವರನ್ನು ಹೊರಗೆ ಹಾಕಲು ಪೊಲೀಸನೂ ಇದ್ದ. ರಾಜಕೀಯ ಆಗ ನನಗೇನೂ ತಿಳಿಯುತ್ತಿರಲಿಲ್ಲ. ಆ ಮರೆ ಮಾತ್ರ ಬಹಳ ಹಿಡಿಸಿತು. ಬೇಕೆಂದೇ ಸ್ವಲ್ಪ ಹೊತ್ತು ನಿಂತೆ. ಒಂದು ಹಾಳೆಗೆ ಒತ್ತಿದೆ, ಇನ್ನೊಂದಕ್ಕೆ ಒತ್ತಿದೆ. ಉದ್ದಕ್ಕೆ ಮಡಿಸಿದೆ, ಅಡ್ಡಕ್ಕೆ ಮಡಿಸಿದೆ. ಹೊರಗೆ ಚಿಕ್ಕಪ್ಪ ಕೆಮ್ಮಿದ. ಅಣ್ಣ ತಮ್ಮಂದಿರ ಕೆಮ್ಮು ಒಂದೇ ಥರ.

ದಾರಿಯಲ್ಲಿ ಅಜ್ಜಿ ಏನೂ ಕೇಳಲಿಲ್ಲ. ರಾತ್ರಿ ಅಪ್ಪ, "ಸರಿಯಾಗಿ ಹಾಕಿದ್ಯಾ?" ಎಂದ. "ಸರಿಯಾಗೇ ಹಾಕಿದೆ" ಎಂದೆ. ಸ್ವಲ್ಪ ಹೊತ್ತಿಗೆ ಚಿಕ್ಕಪ್ಪನೂ ಅದನ್ನೇ ಕೇಳಿದ, ಅವನಿಗೂ ಅದೇ ಉತ್ತರ. ಇಬ್ಬರೂ ನೆಮ್ಮದಿಯಾಗಿ ಮಲಗಿದರು. ಫಲಿತಾಂಶವೂ ಇಬ್ಬರಿಗೂ ಹಂಚಿಕೊಂಡ ಹಾಗೆ ಬಂತು. ವಿಧಾನಸಭೆಯ 224ರಲ್ಲಿ 178 ಕಾಂಗ್ರೆಸ್ಸಿಗೆ, ವೀರೇಂದ್ರ ಪಾಟೀಲರು ಮುಖ್ಯಮಂತ್ರಿ. ಅಪ್ಪ ಎರಡು ದಿನ ರೇಡಿಯೊ ಬಿಟ್ಟು ಏಳಲಿಲ್ಲ. ಡಿಸೆಂಬರ್ 2ಕ್ಕೆ ದಿಲ್ಲಿಯಲ್ಲಿ ವಿ.ಪಿ. ಸಿಂಗ್ ಪ್ರಧಾನಿಯಾದರು, ರೇಡಿಯೊ ಚಿಕ್ಕಪ್ಪನ ಕೋಣೆಗೆ ಹೋಯಿತು.

ಅಷ್ಟು ರಂಪವಾಗಿ ಹಾಕಿಸಿಕೊಂಡ ಮಸಿ ಕರೆಯ ನಡುವೆ ಕಾಣಿಸಲೇ ಇಲ್ಲ. ಊರಿನ ಗಂಡಸರು ಬೆರಳು ತೋರಿಸಿಕೊಂಡು ತಿರುಗುತ್ತಿದ್ದರು, ನಾನು ಯಾವುದನ್ನು ತೋರಿಸಲಿ? ಸುಗ್ಗಿ ಮುಗಿದು, ಕರೆ ಬಿಟ್ಟುಹೋದ ಮೇಲೆ ನೋಡುತ್ತೇನೆ, ತೋರುಬೆರಳಿನ ಉಗುರಿನಲ್ಲಿ ಒಂದು ಕಂದುಗೆರೆ ಬೆಳೆಯುತ್ತಾ ಮೇಲೆ ಬಂದಿದೆ. ಮಾಘ ಮಾಸದಲ್ಲಿ ಮೈಸೂರಿನಿಂದ ಹೆಣ್ಣು ನೋಡಲು ಬಂದರು. ಕೇಸರಿಬಾತಿನ ತಟ್ಟೆ ಚಾಚಿದಾಗ ಹುಡುಗ ತಟ್ಟೆ ನೋಡಲಿಲ್ಲ, ಉಗುರು ನೋಡಿದ. "ಇದು ನಮ್ಮೂರಿನ ಮಸಿ" ಎಂದ. ಜಂಬ ಎಂದುಕೊಂಡೆ. ಆಮೇಲೆ ತಿಳಿಯಿತು, ನಿಜವೇ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಶುರುವಾದ ಬಣ್ಣದ ಕಾರ್ಖಾನೆ ಅಲ್ಲಿಯದು. 1962ರಿಂದ ಇಡೀ ದೇಶದ ಓಟಿನ ಮಸಿ ಅಲ್ಲಿಂದಲೇ ಹೋಗುತ್ತದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬಿಸಿಲು ತಾಗಿದಷ್ಟೂ ಕಪ್ಪಾಗುತ್ತದೆ, ಯಾವ ನಿಂಬೆಹಣ್ಣಿಗೂ ಜಗ್ಗುವುದಿಲ್ಲ.

"ಯಾರಿಗೆ ಹಾಕಿದ್ದು?" ಎಂದು ಕೇಳಿದ.

"ಹೇಳೋದಿಲ್ಲ" ಎಂದೆ. ಅಮ್ಮ ಬಾಗಿಲ ಸಂದಿಯಲ್ಲಿ ಹಣೆ ಚಚ್ಚಿಕೊಂಡಳು. ಸಂಬಂಧ ಕುದುರಿತು.

ಮೈಸೂರಿಗೆ ಬಂದು ಮೂವತ್ತು ವರ್ಷ ದಾಟಿತು. ಗಂಡನ ಹೆಸರನ್ನು ದಿನಕ್ಕೆ ಹತ್ತು ಸಲವಾದರೂ ಕೂಗುತ್ತೇನೆ, ಆ ಮಟ್ಟಿಗೆ ಅಜ್ಜಿಯ ಮಾತು ಮೀರಿದ್ದೇನೆ. ಎರಡನೆಯದನ್ನು ಮೀರಿಲ್ಲ. ಈಗ ಗುಂಡಿ ಒತ್ತಿದರೆ ಪಕ್ಕದ ಪೆಟ್ಟಿಗೆಯ ಗಾಜಿನೊಳಗೆ ಚೀಟಿ ಏಳು ಸೆಕೆಂಡು ಕಾಣಿಸಿ ಬಿದ್ದುಹೋಗುತ್ತದೆ. ಆ ಏಳು ಸೆಕೆಂಡು ಮುಗಿದ ಮೇಲೂ ನಾನು ಒಂದು ಕ್ಷಣ ಮರೆಯಲ್ಲೇ ನಿಲ್ಲುತ್ತೇನೆ. ಬಚ್ಚಲಿಗೆ ಅಗುಳಿ ಇರುವ ಮನೆ ಈಗಿನದು, ಆದರೂ.

1994ರ ವಿಧಾನಸಭೆ ಚುನಾವಣೆ ಮುಗಿದ ಮೇಲೆ ಅಪ್ಪ ಒಂದು ಕಾರ್ಡು ಬರೆದಿದ್ದ. ಅಜ್ಜಿ ಹೋಗಿ ಆಗ ಒಂದು ವರ್ಷ. ಪಟ್ಟಿಯಲ್ಲಿ ಅವಳ ಹೆಸರು ಇನ್ನೂ ಇತ್ತಂತೆ, ಪಕ್ಕದಲ್ಲಿ ಅಜ್ಜನ ಹೆಸರು ಅಚ್ಚಾಗಿ. ಸಂಜೆಯವರೆಗೂ ಆ ಓಟು ಹಾಗೇ ಉಳಿಯಿತು, ಅವಳ ಹೆಸರಿನಲ್ಲಿ ಹಾಕಲು ಯಾರೂ ಬರಲಿಲ್ಲ. ಬೂತಿನಲ್ಲಿ ಕೂತಿದ್ದ ಎರಡೂ ಪಕ್ಷದ ಏಜೆಂಟರು ಅವಳ ವೈಕುಂಠದ ಊಟ ಉಂಡವರು.