ಕೆಲಸ ಮಾಡಿದ್ದು ಯಾವ ಲೋಹ?

ನೀರಿನ ವಿದ್ಯುದ್ವಿಭಜನೆಯ ಚಿತ್ರ ಪ್ರೌಢಶಾಲೆಯ ಮಕ್ಕಳಿಗೆಲ್ಲ ಪರಿಚಿತ. ಒಂದು ಪಾತ್ರೆ, ಎರಡು ಪ್ರನಾಳ, ಎರಡು ಕಡ್ಡಿ, ಒಂದು ಬ್ಯಾಟರಿ. ಒಂದು ಪ್ರನಾಳದಲ್ಲಿ ಎರಡು ಪಾಲು ಹೈಡ್ರೋಜನ್, ಇನ್ನೊಂದರಲ್ಲಿ ಒಂದು ಪಾಲು ಆಕ್ಸಿಜನ್. ಚಿತ್ರ ಬರೆದು, ಭಾಗಗಳನ್ನು ಗುರುತಿಸಿದರೆ ಅಂಕ ಖಚಿತ. ಆ ಕಡ್ಡಿಗಳು ಯಾವ ವಸ್ತುವಿನವು ಎಂದು ಕೇಳುವ ಹುಡುಗ ಅಪರೂಪ. ಆದರೆ ಇಂದು ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ತಲೆಕೆಡಿಸಿಕೊಂಡಿರುವುದು ಆ ಕಡ್ಡಿಗಳ ಬಗ್ಗೆಯೇ.

ಈ ಪ್ರಶ್ನೆಗೆ ಇನ್ನೂರು ವರ್ಷ ಮೀರಿದ ವಯಸ್ಸಾಗಿದೆ. 1800ರಲ್ಲಿ ಲಂಡನ್ನಿನಲ್ಲಿ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬಿಬ್ಬರು ವೋಲ್ಟಾನ ಹೊಸ ವಿದ್ಯುತ್ ಕೋಶದ ತಂತಿಗಳನ್ನು ನೀರಿಗೆ ಇಳಿಸಿದರು. ಹಿತ್ತಾಳೆಯ ತಂತಿ ಬಳಸಿದಾಗ ಹೈಡ್ರೋಜನ್ ಗುಳ್ಳೆಗಳು ಎದ್ದವು. ಇನ್ನೊಂದು ತುದಿಯಲ್ಲಿ ಗುಳ್ಳೆಗಳ ಬದಲು ತಂತಿಯೇ ಕಿಲುಬು ಹಿಡಿಯಿತು. ಪ್ಲಾಟಿನಂ ತಂತಿ ಬಳಸಿದಾಗ ಎರಡೂ ತುದಿಯಲ್ಲಿ ಅನಿಲ ಬಂತು. ಅಲ್ಲಿಂದ ಪ್ಲಾಟಿನಂ ರಸಾಯನಶಾಸ್ತ್ರದ ಮನೆಯಳಿಯನಾಯಿತು. ಗೌರವವೂ ಹೆಚ್ಚು, ಖರ್ಚೂ ಹೆಚ್ಚು.

ಪ್ಲಾಟಿನಂ ಇಲ್ಲಿ ಮಾಡುವ ಕೆಲಸ ವೇಗವರ್ಧಕದ ಕೆಲಸ. ಘಟ್ಟದ ಮೇಲಿನ ಊರು ಎಷ್ಟು ಎತ್ತರದಲ್ಲಿದೆಯೋ ಅಷ್ಟು ಎತ್ತರಕ್ಕೆ ಬಸ್ಸು ಹತ್ತಲೇಬೇಕು. ಆದರೆ ದಾರಿಯಲ್ಲಿ ಇನ್ನೂ ಎತ್ತರದ ಗುಡ್ಡವನ್ನು ಹತ್ತಿ ಇಳಿಯಬೇಕಾಗಿದ್ದರೆ ಆ ಡೀಸೆಲ್ ದಂಡ. ವೇಗವರ್ಧಕ ಆ ಗುಡ್ಡವನ್ನು ತಪ್ಪಿಸುವ ಅಡ್ಡದಾರಿ. ಊರಿನ ಎತ್ತರವನ್ನು ಅದು ತಗ್ಗಿಸಲಾರದು. ಸಾಮಾನ್ಯ ಉಷ್ಣತೆಯಲ್ಲಿ ನೀರನ್ನು ಒಡೆಯಲು ಕನಿಷ್ಠ 1.23 ವೋಲ್ಟ್ ಬೇಕು. ಯಾವ ಲೋಹ ಹಾಕಿದರೂ ಇದರಲ್ಲಿ ರಿಯಾಯಿತಿ ಇಲ್ಲ. ಆದರೆ ಕಾರ್ಖಾನೆಗಳಲ್ಲಿ ಸುಮಾರು 1.8ರಿಂದ 2 ವೋಲ್ಟ್ ಕೊಡಬೇಕಾಗುತ್ತದೆ. ವೇಗವರ್ಧಕದ ಹೋರಾಟವೆಲ್ಲ ಈ ಹೆಚ್ಚುವರಿಯ ಮೇಲೆ. ‘ನೀರಿನಿಂದಲೇ ಓಡುವ ಕಾರು’ ಎಂಬ ಸುದ್ದಿ ಆಗಾಗ ಬರುತ್ತದೆಯಲ್ಲ, ಅದನ್ನು ನಂಬುವ ಮೊದಲು ಈ 1.23 ನೆನಪಿದ್ದರೆ ಸಾಕು.

ಪ್ಲಾಟಿನಂಗೆ ಈ ಗುಣ ಬಂದದ್ದೆಲ್ಲಿಂದ? ನಿಕ್ಕಲ್ ಲೋಹದ ಪುಡಿಯ ನೆರವಿನಿಂದ ಹೈಡ್ರೋಜನ್ನನ್ನು ಬೇರೆ ಪದಾರ್ಥಗಳಿಗೆ ಸೇರಿಸುವ ವಿಧಾನಕ್ಕಾಗಿ 1912ರಲ್ಲಿ ನೊಬೆಲ್ ಪಡೆದ ಫ್ರಾನ್ಸಿನ ಪಾಲ್ ಸಬಾಟಿಯೇ ಅವರ ಚಿಂತನೆಯಲ್ಲಿ ಇದಕ್ಕೆ ಸುಳಿವಿದೆ. ಎಣ್ಣೆಯನ್ನು ವನಸ್ಪತಿಯಾಗಿಸುವ ವಿಧಾನದ ಬೇರೂ ಅಲ್ಲೇ ಇದೆ. ವೇಗವರ್ಧಕ ಒಳ್ಳೆಯ ಮನೆಯಂತಿರಬೇಕು. ಬಂದ ನೆಂಟರನ್ನು ಬಾಗಿಲಲ್ಲೇ ಸಾಗಹಾಕಬಾರದು, ಒಳಗೆ ಕೂಡಿಸಿ ಬೀಗ ಹಾಕಲೂಬಾರದು. ಚಿನ್ನದ ಮೇಲ್ಮೈ ಹೈಡ್ರೋಜನ್ ಪರಮಾಣುವನ್ನು ಸರಿಯಾಗಿ ಹಿಡಿಯುವುದೇ ಇಲ್ಲ. ಟಂಗ್‌ಸ್ಟನ್ ಹಿಡಿದರೆ ಬಿಡುವುದಿಲ್ಲ. ಪ್ಲಾಟಿನಂ ಹದವಾಗಿ ಹಿಡಿದು ಹದವಾಗಿ ಬಿಡುತ್ತದೆ.

ಆದರೆ ಈ ಹದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಆಮ್ಲೀಯ ಪೊರೆಯುಳ್ಳ ಈಗಿನ ವಿದ್ಯುದ್ವಿಭಜನಾ ಯಂತ್ರಗಳಲ್ಲಿ ಹೈಡ್ರೋಜನ್ ಬದಿಗೆ ಪ್ಲಾಟಿನಂ, ಆಕ್ಸಿಜನ್ ಬದಿಗೆ ಇರಿಡಿಯಂ ಬೇಕು. ಇಡೀ ಜಗತ್ತು ವರ್ಷಕ್ಕೆ ಉತ್ಪಾದಿಸುವ ಇರಿಡಿಯಂ ಏಳೆಂಟು ಟನ್ ಮಾತ್ರ, ಒಂದು ಲಾರಿಯ ಹೊರೆ. ಅದರಲ್ಲಿ ಬಹುಪಾಲು ಬರುವುದು ದಕ್ಷಿಣ ಆಫ್ರಿಕಾದಿಂದ. ಅತ್ತ ಭಾರತ 2023ರ ಜನವರಿಯಲ್ಲಿ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ರೂಪಾಯಿ ತೆಗೆದಿಟ್ಟಿತು. 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಹೈಡ್ರೋಜನ್ ಉತ್ಪಾದಿಸುವ ಸಾಮರ್ಥ್ಯ ಗಳಿಸುವುದು ಅದರ ಗುರಿ. ಒಂದು ಕಿಲೋ ಹೈಡ್ರೋಜನ್ನಿಗೆ ಸಿದ್ಧಾಂತದ ಪ್ರಕಾರ, ಶಾಖವನ್ನೂ ಸೇರಿಸಿ, ಸುಮಾರು 39 ಯೂನಿಟ್ ಶಕ್ತಿ ಸಾಕು. ವಾಸ್ತವದಲ್ಲಿ 50ರಿಂದ 55 ಯೂನಿಟ್ ವಿದ್ಯುತ್ ಹಿಡಿಯುತ್ತದೆ. ಕಿಲೋಗೆ ಒಂದೇ ಒಂದು ಯೂನಿಟ್ ಉಳಿಸಿದರೂ, 50 ಲಕ್ಷ ಟನ್ನಿಗೆ ಲೆಕ್ಕ ಹಾಕಿದರೆ, ವರ್ಷಕ್ಕೆ 500 ಕೋಟಿ ಯೂನಿಟ್ ಉಳಿಯುತ್ತದೆ. ಹಾಗಾಗಿ ಕಡ್ಡಿ ಅಗ್ಗವೂ ಆಗಿರಬೇಕು, ಚುರುಕೂ ಆಗಿರಬೇಕು.

ಅಗ್ಗದ ಲೋಹವೆಂದರೆ ಕೈಲಾಗದ ಲೋಹವಲ್ಲ. ಇಂಗ್ಲೆಂಡಿನ ಎಂಜಿನಿಯರ್ ಫ್ರಾನ್ಸಿಸ್ ಥಾಮಸ್ ಬೇಕನ್ ಇದನ್ನು ತೋರಿಸಲು ಸುಮಾರು ಕಾಲು ಶತಮಾನ ಸವೆಸಿದರು. ಅವರು ಕೈಗೆತ್ತಿಕೊಂಡದ್ದು ಇದೇ ಕ್ರಿಯೆಯ ಹಿಮ್ಮುಖ, ಎಂದರೆ ಹೈಡ್ರೋಜನ್ ಮತ್ತು ಆಕ್ಸಿಜನ್ ಕೂಡಿ ನೀರಾಗುವಾಗ ವಿದ್ಯುತ್ ಪಡೆಯುವ ಇಂಧನ ಕೋಶ. ಪ್ಲಾಟಿನಂ ಮತ್ತು ಆಮ್ಲವನ್ನು ಬದಿಗಿಟ್ಟು, ಅವರು ನಿಕ್ಕಲ್ ಮತ್ತು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕ್ಷಾರವನ್ನು ಆರಿಸಿಕೊಂಡರು. 1959ರಲ್ಲಿ ಕೇಂಬ್ರಿಜ್‌ನಲ್ಲಿ ಅವರ ಕೋಶ ವೆಲ್ಡಿಂಗ್ ಯಂತ್ರ ನಡೆಸುವಷ್ಟು ವಿದ್ಯುತ್ ಕೊಟ್ಟಿತು. ಅದೇ ವಂಶದ ಕೋಶಗಳು 1969ರಲ್ಲಿ ಅಪೋಲೊ 11 ನೌಕೆಯಲ್ಲಿ ಚಂದ್ರನತ್ತ ಹೋದವು. ಗಗನಯಾತ್ರಿಗಳು ಕುಡಿದದ್ದು ಆ ಕೋಶಗಳಲ್ಲಿ ಹುಟ್ಟಿದ ನೀರನ್ನೇ.

ನಿಕ್ಕಲ್‌ನ ಕಥೆಯಲ್ಲಿ ನಿಜವಾದ ತಿರುವು ಬಂದದ್ದು ಆಮೇಲೆ. ನೀರನ್ನು ಒಡೆಯುವಾಗ ಹೈಡ್ರೋಜನ್ ಬದಿ ಸುಲಭ, ಕಷ್ಟವಿರುವುದು ಆಕ್ಸಿಜನ್ ಬದಿಯಲ್ಲಿ. ಅಲ್ಲಿ ಕ್ಷಾರ ದ್ರಾವಣದಲ್ಲಿ ನಿಕ್ಕಲ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಪುಸ್ತಕಗಳು ಹೊಗಳುತ್ತಿದ್ದವು. ಆದರೆ ನಿಕ್ಕಲ್ ಬ್ಯಾಟರಿ ತಯಾರಿಸುವವರದು ಬೇರೆಯೇ ದೂರು. ಕಬ್ಬಿಣದ ಕಲ್ಮಶ ಸೇರಿದರೆ ಬ್ಯಾಟರಿ ಚಾರ್ಜ್ ಆಗುವ ಬದಲು ಆಕ್ಸಿಜನ್ ಬಿಡುತ್ತಾ ವಿದ್ಯುತ್ತನ್ನು ಪೋಲು ಮಾಡುತ್ತಿತ್ತು. ಅವರ ಪಾಲಿಗೆ ಕಬ್ಬಿಣ ಶನಿ. ಈ ಶನಿಯನ್ನು ಇನ್ನೊಂದು ಕಣ್ಣಿನಿಂದ ನೋಡಿದರೆ? ಬ್ಯಾಟರಿಗೆ ಬೇಡವಾದ ಆಕ್ಸಿಜನ್ ನೀರು ಒಡೆಯುವವರಿಗೆ ಬೇಕಾದದ್ದೇ ಅಲ್ಲವೇ? 1987ರಲ್ಲಿ ಡೆನಿಸ್ ಕಾರಿಗನ್ ಎಂಬ ಅಮೆರಿಕದ ವಿಜ್ಞಾನಿ ಇದನ್ನು ಅಳೆದು ತೋರಿಸಿದರು. ನಿಕ್ಕಲ್ ಆಕ್ಸೈಡ್ ಪದರದಲ್ಲಿ ಹತ್ತು ಸಾವಿರಕ್ಕೆ ಒಂದು ಪಾಲು ಕಬ್ಬಿಣವಿದ್ದರೂ ಅದರ ಪ್ರಭಾವ ಕಾಣುತ್ತಿತ್ತು.

2014ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ತಂಡವೊಂದು ಕ್ಷಾರ ದ್ರಾವಣದಿಂದ ಕಬ್ಬಿಣದ ಕೊನೆಯ ಕುರುಹನ್ನೂ ಶೋಧಿಸಿ ತೆಗೆದು ನೋಡಿತು. ಹಾಡಿ ಹೊಗಳಿಸಿಕೊಂಡಿದ್ದ ನಿಕ್ಕಲ್ ಮಂಕಾಯಿತು! ಮಾಮೂಲಿ ಕ್ಷಾರದಲ್ಲಿ ಅದು ದಿನಕಳೆದಂತೆ ಚುರುಕಾಗುತ್ತಿದ್ದದ್ದು ಕ್ಷಾರದಲ್ಲಿ ಬೆರೆತ ಕಬ್ಬಿಣವನ್ನು ಹೀರಿಕೊಂಡು. ಹಾಗೆಂದು ಕಬ್ಬಿಣ ಒಂಟಿಯಾಗಿ ಈ ಕೆಲಸ ಮಾಡುತ್ತದೆಯೇ ಎಂದರೆ ಅದೂ ಇಲ್ಲ. ಎರಡೂ ಸೇರಬೇಕು. ಸಹವಾಸದಿಂದ ಸನ್ಯಾಸಿ ಕೆಟ್ಟ ಎನ್ನುತ್ತಾರೆ. ಇಲ್ಲಿ ಸಹವಾಸದಿಂದಲೇ ಇಬ್ಬರೂ ಉದ್ಧಾರವಾದರು. ಕ್ಷಾರ ದ್ರಾವಣದಲ್ಲಿ ಆಕ್ಸಿಜನ್ ಬಿಡಿಸುವ ಅತ್ಯುತ್ತಮ ವೇಗವರ್ಧಕಗಳ ಸಾಲಿನಲ್ಲಿ ನಿಕ್ಕಲ್-ಕಬ್ಬಿಣದ ಜೋಡಿ ಇಂದು ನಿಂತಿದೆ.

ಹೈಡ್ರೋಜನ್ ಬದಿಗೂ ಇಂಥದೇ ಹುಡುಕಾಟ ನಡೆಯಿತು. ಅವರೆ, ತೊಗರಿ ಗಿಡಗಳ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿಯಲು ಬಳಸುವ ಕಿಣ್ವದಲ್ಲಿ ಕಬ್ಬಿಣ, ಮಾಲಿಬ್ಡಿನಂ ಮತ್ತು ಗಂಧಕ ಇವೆ. ಆ ಕಿಣ್ವ ಸಣ್ಣಗೆ ಹೈಡ್ರೋಜನ್ನನ್ನೂ ಬಿಡುತ್ತದೆ. ಇದರ ಜಾಡು ಹಿಡಿದ ಡೆನ್ಮಾರ್ಕಿನ ವಿಜ್ಞಾನಿಗಳು 2005ರಲ್ಲಿ ಒಂದು ಲೆಕ್ಕ ಹಾಕಿದರು. ಯಂತ್ರಗಳ ಗ್ರೀಸಿಗೆ ಬೆರೆಸುವ ಕರಿಪುಡಿ ಮಾಲಿಬ್ಡಿನಂ ಡೈಸಲ್ಫೈಡ್, ತನ್ನ ಹಾಳೆಗಳ ಅಂಚಿನಲ್ಲಿ ಹೈಡ್ರೋಜನ್ನನ್ನು ಪ್ಲಾಟಿನಂನ ಹತ್ತಿರದ ಹದದಲ್ಲಿ ಹಿಡಿಯಬೇಕು ಎಂದಿತು ಲೆಕ್ಕ. 2007ರ ಪ್ರಯೋಗ ಅದನ್ನು ನಿಜವಾಗಿಸಿತು. ಹಾಳೆಯ ನಡುಭಾಗ ಸೋಮಾರಿ, ಅಂಚೇ ದುಡಿಮೆಗಾರ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಇದೇ ಕರಿಪುಡಿಯ ಇನ್ನೊಂದು ರೂಪದಿಂದ, ಬೆಳಕಿನ ನೆರವಿನಲ್ಲಿ ಹೈಡ್ರೋಜನ್ ಬಿಡಿಸಿದ ಕೆಲಸವನ್ನು 2013ರಲ್ಲಿ ಪ್ರಕಟಿಸಿದರು.

ಹಾಗಾದರೆ ಕೆಲಸ ಮುಗಿಯಿತೇ? ಇಲ್ಲ. ನಿಕ್ಕಲ್, ಕಬ್ಬಿಣಗಳು ಕ್ಷಾರದಲ್ಲಿ ಬಾಳುತ್ತವೆ, ಆಮ್ಲದಲ್ಲಿ ಕರಗಿಹೋಗುತ್ತವೆ. ಆಮ್ಲದಲ್ಲಿ ಇರಿಡಿಯಂನಷ್ಟು ಕಾಲ ಬಾಳುವ ಅಗ್ಗದ ವಸ್ತು ಇನ್ನೂ ಕಾರ್ಖಾನೆಯ ಮಟ್ಟಕ್ಕೆ ಬಂದಿಲ್ಲ. ಸೌರವಿದ್ಯುತ್ತಿನಿಂದ ನಡೆಯುವ ಯಂತ್ರ ಸಂಜೆ ನಿಂತು ಬೆಳಿಗ್ಗೆ ಮತ್ತೆ ಶುರುವಾಗಬೇಕು, ಈ ನಿಲ್ಲು-ನಡೆಯಿಂದಲೂ ವಿದ್ಯುದ್ವಾರಗಳು ಸವೆಯುತ್ತವೆ. ಪ್ರಯೋಗಾಲಯದಲ್ಲಿ ಹತ್ತಾರು ಗಂಟೆ ಓಡಿದ್ದು ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಓಡಬೇಕು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಪಾಯವೂ ಇದೆ. ಒಂದು ಹೊಸ ಅಗ್ಗದ ವಸ್ತುವನ್ನು ಪರೀಕ್ಷಿಸುವಾಗ ಎದುರು ಕಡ್ಡಿಯಾಗಿ ಪ್ಲಾಟಿನಂ ತಂತಿಯನ್ನೇ ಇಟ್ಟರೆ, ಅದು ಅಣುವಣುವಾಗಿ ಕರಗಿ ಬಂದು ಹೊಸ ವಸ್ತುವಿನ ಮೇಲೆ ಕೂರುತ್ತದೆ. ದಿನಕಳೆದಂತೆ ಫಲಿತಾಂಶ ಉತ್ತಮವಾಗುತ್ತದೆ, ಸಂಶೋಧಕ ಹಿಗ್ಗುತ್ತಾನೆ. ನಿಜಕ್ಕೂ ದುಡಿದದ್ದು ಯಾರು? ಹೊರಹಾಕಲು ಹೊರಟ ಪ್ಲಾಟಿನಂ! ಅದಕ್ಕೇ ಎದುರು ಕಡ್ಡಿಯಾಗಿ ಇಂಗಾಲದ ಕಡ್ಡಿ ಬಳಸಿ ಎಂದು ಅನುಭವಿಗಳು ಎಚ್ಚರಿಸುತ್ತಾರೆ. ನಿಕ್ಕಲ್‌ಗೆ ಸಂದ ಹೊಗಳಿಕೆಯಲ್ಲಿ ಕಬ್ಬಿಣದ ಪಾಲಿದ್ದಂತೆ ಇಲ್ಲಿಯೂ ಒಬ್ಬರ ದುಡಿಮೆ ಇನ್ನೊಬ್ಬರ ಹೆಸರಿಗೆ ಬರೆದುಹೋಗುತ್ತದೆ.

ತಂದೆತಾಯಂದಿರು ಮಕ್ಕಳ ಪ್ರಯೋಗದ ದಾಖಲೆ ಪುಸ್ತಕವನ್ನು ಒಮ್ಮೆ ತೆರೆದು ನೋಡಬೇಕು. ಬಹುಪಾಲು ಪುಟಗಳಲ್ಲಿ ಅಳತೆಗಳು ಪುಸ್ತಕದ ಉತ್ತರಕ್ಕೆ ಕರಾರುವಾಕ್ಕಾಗಿ ಹೊಂದುತ್ತವೆ. ಹೊಂದದಿದ್ದನ್ನು ರಬ್ಬರು ತಿಂದುಹಾಕಿರುತ್ತದೆ, ಇಲ್ಲವೇ ಪಕ್ಕದ ಬೆಂಚಿನಿಂದ ಅಂಕಿ ಬಂದಿರುತ್ತದೆ. ಅಂಕಕ್ಕೆ ಇದರಿಂದ ನಷ್ಟವಿಲ್ಲ. ನಷ್ಟವಾಗುವುದು ‘ಇದು ಹೀಗೇಕೆ ಬಂತು?’ ಎಂದು ಕೇಳುವ ಅಭ್ಯಾಸಕ್ಕೆ. ಹತ್ತು ಸಾವಿರಕ್ಕೆ ಒಂದು ಪಾಲಿದ್ದ ಕಬ್ಬಿಣ ಸಿಕ್ಕಿದ್ದು ಆ ಅಭ್ಯಾಸವಿದ್ದವರಿಗೆ. ಇರಿಡಿಯಂಗೆ ಬದಲಿ ಲೋಹವನ್ನು ಮುಂದೆ ಹುಡುಕಬೇಕಾದವರು ಇಂದು ಎಂಟನೆಯ, ಒಂಬತ್ತನೆಯ ತರಗತಿಯಲ್ಲಿ ಕೂತಿದ್ದಾರೆ. ಹೊಂದದ ಅಳತೆಯನ್ನು ಅಳಿಸದೆ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಲು ಅವರಿಗೆ ಯಾರಾದರೂ ಹೇಳಿಕೊಡಬೇಕಷ್ಟೆ.