ಒಂದೇ ಲಾಗಿನ್ ಮಾಡೋಕೆ ಹೋಗಿ

1/7

ಫೋಟೋ: ಸವಳಂಗ ರಸ್ತೆ ರೈಲ್ವೆ ಮೇಲ್ಸೇತುವೆ, ರಾತ್ರಿ ಹನ್ನೊಂದರ ಮೇಲೆ, ಸಣ್ಣ ಮಳೆ. ಫೋನಲ್ಲೇ ತೆಗೆದಿದ್ದು, ಅಲ್ಲಾಡಿದೆ, ಅಡ್ಜಸ್ಟ್ ಮಾಡ್ಕೊಳ್ಳಿ.

"ಅಣ್ಣಾ, ಬ್ಲಾಗಿಗೂ ಕಟ್ಟೆಗೂ ಒಂದೇ ಲಾಗಿನ್ ಮಾಡಿದ್ರಲ್ಲ, ಹೇಗೆ ಅಂತ ಹೇಳಿಕೊಡಿ" ಅಂತ ಜೂನಿಯರ್ಸ್ ಮೆಸೇಜ್ ಮಾಡ್ತಾನೇ ಇದ್ದಾರೆ. ಪ್ರಾಜೆಕ್ಟಿಗೆ ಬೇಕಂತೆ. ಹೇಳಿಕೊಡ್ತೀನಿ. ಆದ್ರೆ ಅದನ್ನ ಮಾಡಿದ್ದು ಹೇಗೆ ಅನ್ನೋದರ ಜೊತೆ, ಮೂರೇ ವಾರಕ್ಕೆ ಕಿತ್ತು ಹಾಕಿದ್ದು ಯಾಕೆ ಅನ್ನೋದನ್ನೂ ಹೇಳಬೇಕು. ಇಲ್ಲಾಂದ್ರೆ ನೀವೂ ಅದೇ ಗುಂಡಿಗೆ ಬೀಳ್ತೀರ.

ಹೊಸದಾಗಿ ಫಾಲೋ ಮಾಡಿದವರಿಗೆ: ನಾವು ಹದಿನೈದು ಇಪ್ಪತ್ತು ಜನ, ಬೇರೆ ಬೇರೆ ಕಾಲೇಜು, ಹೆಚ್ಚಿನವರ ರೂಮು ಈ ರಸ್ತೆಯ ಆಚೀಚೆ, ನವುಲೆ ಕಡೆ. ಬರೆಯೋ ಹುಚ್ಚು. ಬರಹಗಳಿಗೆ ಒಂದು ವರ್ಡ್‌ಪ್ರೆಸ್ ಬ್ಲಾಗ್ ಇತ್ತು. ಹರಟೆಗೆ, ಜಗಳಕ್ಕೆ, ಯಾರಿಗೂ ಹೇಳೋಕಾಗದೇ ಇರೋದನ್ನ ಹೇಳೋಕೆ ಡಿಸ್ಕೋರ್ಸ್ ಅನ್ನೋ ಸಾಫ್ಟ್‌ವೇರಿನಲ್ಲಿ ಒಂದು ಚರ್ಚೆಯ ಜಾಗ. ಅದನ್ನ ನಾವು "ಕಟ್ಟೆ" ಅಂತೀವಿ, ಊರ ಅರಳಿಕಟ್ಟೆ ಥರ. ಎರಡನ್ನೂ ಯಾರು ಬೇಕಾದ್ರೂ ಓದಬಹುದಿತ್ತು. ಬ್ಲಾಗಿನಲ್ಲಿ ಎಲ್ಲರೂ ಸ್ವಂತ ಹೆಸರಲ್ಲಿ ಬರೀತಿದ್ವಿ. ಕಟ್ಟೆಯಲ್ಲಿ ಯಾವ ಹೆಸರಾದ್ರೂ ಸರಿ.

ಎರಡಕ್ಕೂ ಬೇರೆ ಬೇರೆ ಪಾಸ್‌ವರ್ಡ್. ದಿನಾ ಒಬ್ಬರಾದ್ರೂ "ಮರೆತೋಯ್ತು ಕಣೋ" ಅನ್ನೋರು. ಒಂದೇ ಬರಹದ ಬಗ್ಗೆ ಬ್ಲಾಗಿನ ಕೆಳಗೆ ಅರ್ಧ ಮಾತು, ಕಟ್ಟೆಯಲ್ಲಿ ಅರ್ಧ, ವಾಟ್ಸಾಪಲ್ಲಿ ಉಳಿದದ್ದು. ಇದು ರೈಲ್ವೆ ಗೇಟ್ ಥರ ಆಯ್ತಲ್ಲ, ಎರಡೂ ಕಡೆ ಜನ ಕಾಯ್ತಾ ನಿಂತಿದ್ದಾರೆ, ಒಂದು ಸೇತುವೆ ಹಾಕೇಬಿಡೋಣ ಅಂತ ನನಗೆ ಅನ್ನಿಸ್ತು.

2/7

ಫೋಟೋ: ನೋಟ್‌ಬುಕ್ಕಿನಲ್ಲಿ ಬರೆದ ಎರಡು ಡಬ್ಬಿ, ನಡುವೆ ಬಾಣ.

ಸೇತುವೆ ಯಾಕೆ ಬೇಕು, ಎರಡನ್ನೂ ಒಂದೇ ಡೇಟಾಬೇಸಿಗೆ ಹಾಕಬಹುದಲ್ಲ ಅಂತ ಕೇಳ್ತೀರ. ಆಗಲ್ಲ. ವರ್ಡ್‌ಪ್ರೆಸ್ ಪಿಎಚ್‌ಪಿಯಲ್ಲಿ ಬರೆದದ್ದು, ಮೈಎಸ್‌ಕ್ಯುಎಲ್‌ನಲ್ಲಿ ಕೂರುತ್ತೆ. 2003ರದ್ದು. ಡಿಸ್ಕೋರ್ಸ್ 2013ರದ್ದು, ರೂಬಿ ಆನ್ ರೈಲ್ಸ್, ಪೋಸ್ಟ್‌ಗ್ರೆಸ್, ರೆಡಿಸ್. ಎರಡು ಬೇರೆ ಬೇರೆ ಊರು, ಎರಡು ಬೇರೆ ಬೇರೆ ಪಂಚಾಯ್ತಿ. ಇಬ್ಬರ ಮತದಾರರ ಪಟ್ಟಿಯೂ ಬೇರೆ.

ಒಂದೇ ಮನೆಯಲ್ಲಿ ಎರಡು ಕೋಣೆ ಮಾಡೋ ದಾರಿಯೂ ಇದೆ. ಕನ್ನಡದಲ್ಲೇ ಅದಕ್ಕೆ ದೊಡ್ಡ ಉದಾಹರಣೆ ಇದೆ, ನಾವು ಒಂದನೇ ಕ್ಲಾಸಿಗೂ ಹೋಗದೇ ಇದ್ದ ಕಾಲದ್ದು. ಹರಿ ಪ್ರಸಾದ್ ನಾಡಿಗ್ ಅವರು 2005ರಲ್ಲಿ ಶುರು ಮಾಡಿದ "ಸಂಪದ". ಅದು ದ್ರುಪಲ್ ಅನ್ನೋ ಸಾಫ್ಟ್‌ವೇರಿನ ಮೇಲೆ ನಿಂತಿತ್ತು. ದ್ರುಪಲ್‌ನಲ್ಲಿ ಬ್ಲಾಗ್ ಬರಹ, ಚರ್ಚೆಯ ವಿಷಯ ಎರಡೂ ಒಂದೇ ಜಾತಿ ವಸ್ತು, "ನೋಡ್" ಅಂತಾರೆ. ಬಳಕೆದಾರರ ಪಟ್ಟಿಯೂ ಒಂದೇ. ಆ ದ್ರುಪಲ್ ಹುಟ್ಟಿದ್ದೂ ವಿದ್ಯಾರ್ಥಿಗಳ ರೂಮಲ್ಲೇ. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಡ್ರೀಸ್ ಬೈಟಾರ್ಟ್ ಅನ್ನೋ ಹುಡುಗ ಜೊತೆಯವರಿಗೆ ಸುದ್ದಿ ಹಂಚೋಕೆ ಮಾಡಿಕೊಂಡ ಪುಟ್ಟ ಬೋರ್ಡು ಅದು, 2001ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ.

ವರ್ಡ್‌ಪ್ರೆಸ್ ಒಳಗೇ ಕೂರೋ ಬಿಬಿಪ್ರೆಸ್ ಕೂಡ ಇದೆ, ಅದಕ್ಕೂ ಒಂದೇ ಪಟ್ಟಿ ಸಾಕು. ಮೊದಲಿಂದ ಶುರು ಮಾಡೋರಿಗೆ ಅದೇ ಸುಲಭ. ಆದ್ರೆ ನಮ್ಮ ಕಟ್ಟೆಯಲ್ಲಿ ಆಗಲೇ ಒಂದು ವರ್ಷದ ಮಾತು ಇತ್ತು. ಅದನ್ನ ಬಿಟ್ಟು ಬರೋಕೆ ಯಾರೂ ರೆಡಿ ಇರಲಿಲ್ಲ. ಹಾಗಾಗಿ ಎರಡು ಮನೆ ಹಾಗೇ ಇರಲಿ, ನಡುವೆ ಬಾಗಿಲು ಇಡೋಣ ಅಂದುಕೊಂಡೆ.

3/7

ಫೋಟೋ: ಹಾಸ್ಟೆಲ್ ಗೇಟ್ ಪಾಸ್. ಹೆಸರು ಮುಚ್ಚಿದ್ದೀನಿ.

ಬಾಗಿಲಿನ ಕೆಲಸ ಎರಡು ಭಾಗ. ಇದನ್ನ ಬೇರೆ ಬೇರೆ ಅಂತ ತಿಳ್ಕೊಳ್ಳಿ. ನಾನು ತಿಳ್ಕೊಳ್ಳದೇ ಇದ್ದದ್ದೇ ತಪ್ಪು.

ಮೊದಲನೇದು, ಮಾತಿನ ಕೊಂಡಿ. ವರ್ಡ್‌ಪ್ರೆಸ್‌ಗೆ "ಡಬ್ಲ್ಯುಪಿ ಡಿಸ್ಕೋರ್ಸ್" ಅಂತ ಪ್ಲಗಿನ್ ಇದೆ. ಬ್ಲಾಗಿನಲ್ಲಿ ಬರಹ ಪ್ರಕಟ ಮಾಡಿದ ತಕ್ಷಣ ಕಟ್ಟೆಯಲ್ಲಿ ಅದರ ಹೆಸರಲ್ಲೊಂದು ಚರ್ಚೆ ತೆರೆಯುತ್ತೆ. ಅಲ್ಲಿ ಬಂದ ಉತ್ತರಗಳು ಬರಹದ ಕೆಳಗೆ ಕಾಣ್ತವೆ. ಅರ್ಧ ಇಲ್ಲಿ ಅರ್ಧ ಅಲ್ಲಿ ಅನ್ನೋ ಗೋಳು ಮುಗೀತು.

ಎರಡನೇದು, ಮನುಷ್ಯರ ಕೊಂಡಿ. ಇದಕ್ಕೆ "ಡಿಸ್ಕೋರ್ಸ್ ಕನೆಕ್ಟ್" ಅಂತಾರೆ. ಗೇಟ್ ಪಾಸ್ ಥರ. ಕಟ್ಟೆಯ ವಾಚ್‌ಮನ್ ನಿಮ್ಮನ್ನ ನೋಡಿ, ಒಂದೇ ಸಲ ಬಳಸೋ ನಂಬರ್ ಬರೆದ ಚೀಟಿ ಕೊಟ್ಟು ವಾರ್ಡನ್ ಹತ್ರ ಕಳಿಸ್ತಾನೆ. ವಾರ್ಡನ್ ಅಂದ್ರೆ ವರ್ಡ್‌ಪ್ರೆಸ್. ವಾರ್ಡನ್ ಆ ನಂಬರ್ ಜೊತೆ ನಿಮ್ಮ ಹೆಸರು, ಇಮೇಲ್, ತನ್ನ ರಿಜಿಸ್ಟರಿನ ಕ್ರಮಸಂಖ್ಯೆ ಬರೆದು ಸೀಲ್ ಒತ್ತಿ ವಾಪಸ್ ಕಳಿಸ್ತಾನೆ. ಸೀಲ್ ಅಂದ್ರೆ ಇಬ್ಬರಿಗೆ ಮಾತ್ರ ಗೊತ್ತಿರೋ ಗುಟ್ಟಿನ ಪದದಿಂದ ಲೆಕ್ಕ ಹಾಕಿದ ಸಹಿ, ಎಚ್‌ಮ್ಯಾಕ್ ಎಸ್‌ಎಚ್‌ಎ 256. ದಾರಿಯಲ್ಲಿ ಯಾರಾದ್ರೂ ಒಂದಕ್ಷರ ತಿದ್ದಿದ್ರೂ ಸೀಲ್ ತಾಳೆ ಆಗಲ್ಲ, ಒಳಗೆ ಬಿಡಲ್ಲ.

ವಾಚ್‌ಮನ್ ಆಮೇಲೆ ಏನು ಮಾಡ್ತಾನೆ? ಮೊದಲು ಆ ಕ್ರಮಸಂಖ್ಯೆ ತನ್ನ ಪಟ್ಟಿಯಲ್ಲಿದೆಯಾ ನೋಡ್ತಾನೆ. ಇಲ್ಲಾಂದ್ರೆ ಅದೇ ಇಮೇಲಿನ ಹಳೇ ಅಕೌಂಟ್ ಇದೆಯಾ ಹುಡುಕ್ತಾನೆ. ಸಿಕ್ಕಿದ್ರೆ "ಓ, ನೀವೇನಾ" ಅಂತ ಅದಕ್ಕೇ ಜೋಡಿಸಿಬಿಡ್ತಾನೆ. ಈ ಸಾಲನ್ನ ನೆನಪಿಟ್ಕೊಳ್ಳಿ. ಡಾಕ್ಯುಮೆಂಟೇಶನ್‌ನಲ್ಲಿ ಓದಿದಾಗ ನನಗೆ ಖುಷಿಯಾಗಿತ್ತು, ಹಳಬರಿಗೆ ಏನೂ ತೊಂದರೆ ಇಲ್ಲ ಅಂತ.

4/7

ಫೋಟೋ: ಬ್ರೌಸರ್ ಸ್ಕ್ರೀನ್, ಮೂರು ಸಾಲು ಉದ್ದದ ಲಿಂಕ್.

ಶನಿವಾರ ಸಂಜೆ ಕೂತೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಲಾಗಿನ್ ಕೆಲಸ ಮಾಡ್ತು. ಆಮೇಲೆ ಶುರುವಾಗಿದ್ದು ಕನ್ನಡದ ಕಾಟ.

ಲಿಂಕ್ ನೋಡಿ. ಕನ್ನಡದ ಒಂದೊಂದು ಚಿಹ್ನೆಗೆ ಯುಟಿಎಫ್ 8ರಲ್ಲಿ 3 ಬೈಟ್. ಲಿಂಕಿನೊಳಗೆ ಒಂದೊಂದು ಬೈಟೂ ಪರ್ಸೆಂಟ್ ಗುರುತು ಸೇರಿ 3 ಅಕ್ಷರ ಆಗುತ್ತೆ. ಅಂದ್ರೆ ಒಂದು ಚಿಹ್ನೆಗೆ 9. ಒತ್ತು, ಗುಣಿತ, ಸೊನ್ನೆ ಎಲ್ಲಾ ಬೇರೆ ಬೇರೆ ಲೆಕ್ಕ. "ಸವಳಂಗ ರಸ್ತೆ" ಅನ್ನೋದು 10 ಚಿಹ್ನೆ, ನಡುವೆ ಒಂದು ಗೆರೆ, ಒಟ್ಟು 91. ವರ್ಡ್‌ಪ್ರೆಸ್ ಲಿಂಕಿನ ಆ ಭಾಗಕ್ಕೆ ಕೊಡೋದು 200 ಅಷ್ಟೇ. ಸುಮಾರು 22 ಚಿಹ್ನೆ ಆದಮೇಲೆ ಕತ್ತರಿ. ಒಂದೇ ಥರ ಶುರುವಾಗೋ ಎರಡು ಉದ್ದ ತಲೆಬರಹದ ಲಿಂಕ್‌ಗಳು ಕಡೆಯ ಒಂದು ಅಂಕಿ ಬಿಟ್ಟು ತದ್ರೂಪಿ. ಪರಿಹಾರ: ಲಿಂಕನ್ನ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ನೀವೇ ಟೈಪ್ ಮಾಡಿ.

ಇನ್ನೊಂದು. ಡಿಸ್ಕೋರ್ಸ್‌ನಲ್ಲಿ ಸೆಟ್ಟಿಂಗ್ ಮುಟ್ಟದೇ ಇದ್ರೆ ಉತ್ತರ ಕನಿಷ್ಠ 20 ಅಕ್ಷರ ಇರಬೇಕು. "ಚೆನ್ನಾಗಿದೆ" ಅಂದ್ರೆ ಹತ್ತೇ. ತಗೊಳಲ್ಲ ಅಂತು. ನಮ್ಮವರು ಚುಕ್ಕಿ ಹಾಕಿ ಹಾಕಿ ಇಪ್ಪತ್ತು ತುಂಬಿಸ್ತಿದ್ರು.

ಮೂರನೇದೇ ಮುಖ್ಯ. ಯೂಸರ್‌ನೇಮ್ ಎರಡೂ ಕಡೆ ಕನ್ನಡ ಒಪ್ಪಲ್ಲ. ಡಿಸ್ಕೋರ್ಸ್‌ನಲ್ಲಿ ಅದಕ್ಕೊಂದು ಸೆಟ್ಟಿಂಗ್ ಇದೆ, ಮೊದಲಿಗೆ ಆಫ್ ಇರುತ್ತೆ. ನಮ್ಮವರು ವರ್ಡ್‌ಪ್ರೆಸ್‌ಗೆ ಸೇರುವಾಗ ರೋಲ್ ನಂಬರ್, ಬೈಕ್ ನಂಬರ್, ಏನೇನೋ ಕೊಟ್ಟಿದ್ರು. ಈಗ ಬರಹದ ಕೆಳಗೆ ಮಾತಾಡ್ತಿರೋರು ಮನುಷ್ಯರೋ ಮಾರ್ಕ್ಸ್ ಕಾರ್ಡೋ ಗೊತ್ತಾಗ್ತಿರಲಿಲ್ಲ. ನನಗೆ ಚಂದ ಕಾಣಬೇಕಿತ್ತು. ಎರಡು ಸ್ವಿಚ್ ಹಾಕಿದೆ. ಒಂದು, ಪೋಸ್ಟಿನ ಪಕ್ಕ ಪೂರ್ತಿ ಹೆಸರು ತೋರಿಸು. ಇನ್ನೊಂದು, ಪ್ರತಿ ಲಾಗಿನ್‌ಗೂ ವರ್ಡ್‌ಪ್ರೆಸ್‌ನಲ್ಲಿರೋ ಹೆಸರನ್ನೇ ಇಲ್ಲೂ ಬರಿ.

ಕನ್ನಡದಲ್ಲಿ ಎಲ್ಲರ ಹೆಸರೂ ಸಾಲಾಗಿ ಬಂತು. ಸ್ಕ್ರೀನ್‌ಶಾಟ್ ತೆಗೆದು ಸ್ಟೋರಿ ಹಾಕಿದ್ದೆ, ನೆನಪಿದೆಯಾ? ನೀವೇ ಎಷ್ಟೊಂದು ಬೆಂಕಿ ಎಮೋಜಿ ಕಳಿಸಿದ್ರಿ.

5/7

ಫೋಟೋ ಇಲ್ಲ. ಕಪ್ಪು ಚೌಕ.

ಕಟ್ಟೆಯಲ್ಲಿ ಒಬ್ಬಳು ಬೇರೆ ಹೆಸರಲ್ಲಿ ಬರೀತಿದ್ದಳು. ಯಾರು ಅಂತ ನನಗೂ ಗೊತ್ತಿರಲಿಲ್ಲ. ಮನೆಯ ವಿಷಯ ಬರೀತಿದ್ದಳು. ಏನು ಅಂತ ಇಲ್ಲಿ ಹೇಳಲ್ಲ. ಓದಿ ನಮ್ಮಲ್ಲಿ ಎಷ್ಟೋ ಜನ ಅವಳಿಗೆ ರಾತ್ರಿ ಎರಡು ಗಂಟೆಗೂ ಉತ್ತರ ಬರೆದದ್ದಿದೆ. ಅದೇ ಹುಡುಗಿ ಬ್ಲಾಗಿನಲ್ಲಿ ಸ್ವಂತ ಹೆಸರಲ್ಲಿ ಅಜ್ಜಿ ಮನೆಯ ಮಳೆಗಾಲದ ಬಗ್ಗೆ ಚಂದದ ಲೇಖನ ಬರೆದಿದ್ದಳು. ಎರಡೂ ಒಬ್ಬಳೇ ಅಂತ ಯಾರಿಗೂ ಹೊಳೆದಿರಲಿಲ್ಲ. ಎರಡು ಕಡೆಯೂ ಕೊಟ್ಟಿದ್ದ ಇಮೇಲ್ ಮಾತ್ರ ಒಂದೇ.

ಮಳೆಗಾಲದ ಲೇಖನವನ್ನ ಅವಳ ಮನೆಯವರು ಹೆಮ್ಮೆಯಿಂದ ಫ್ಯಾಮಿಲಿ ಗ್ರೂಪಿಗೆ ಹಾಕಿದ್ರು. ಅತ್ತೆ, ಚಿಕ್ಕಪ್ಪ, ಎಲ್ಲರೂ ಓದಿದ್ರು. ಕೆಳಗೆ ಮೆಚ್ಚುಗೆ ಬಂತು. ಅವಳು ಬಸ್ಸಲ್ಲಿ ಕೂತು, ಫೋನಲ್ಲಿ, ಒಂದೇ ಕ್ಲಿಕ್ಕಿಗೆ ಒಳಗೆ ಹೋಗಿ "ಎಲ್ಲರಿಗೂ ಥ್ಯಾಂಕ್ಸ್" ಅಂತ ಬರೆದಳು. ಯಾವ ಅಕೌಂಟಿಗೆ ಹೋಗಿದ್ದೀನಿ ಅಂತ ನೋಡೋಕೆ ಅವಳಿಗೆ ಕಾರಣವೇ ಇರಲಿಲ್ಲ. ವಾಚ್‌ಮನ್ ಇಮೇಲ್ ನೋಡಿ ಅವಳನ್ನ ಗುಟ್ಟಿನ ಅಕೌಂಟಿಗೇ ಜೋಡಿಸಿದ್ದ. ನನ್ನ ಎರಡನೇ ಸ್ವಿಚ್ ಅದರ ಮೇಲೆ ಅವಳ ನಿಜ ಹೆಸರು ಬರೆದಿತ್ತು.

ಹೆಸರು ಅನ್ನೋದು ಒಂದೊಂದು ಪೋಸ್ಟಿನಲ್ಲಿ ಬೇರೆ ಬೇರೆ ಬರೆದಿಟ್ಟಿರಲ್ಲ, ಅಕೌಂಟಿನಲ್ಲಿ ಒಂದೇ ಕಡೆ ಇರುತ್ತೆ. ಒಮ್ಮೆ ಬದಲಾದ್ರೆ ಒಂದು ವರ್ಷದ ಹಿಂದಿನ ಪೋಸ್ಟಿನ ಪಕ್ಕದಲ್ಲೂ ಬದಲಾಗುತ್ತೆ. ಅವಳ ಕಸಿನ್ ಒಬ್ಬ ಆ "ಥ್ಯಾಂಕ್ಸ್" ಪಕ್ಕದ ಹೆಸರು ಒತ್ತಿದ. ಪ್ರೊಫೈಲ್ ತೆರೀತು. ಎಲ್ಲಾ ಇತ್ತು ಅಲ್ಲಿ.

ರಾತ್ರಿ ಫೋನ್ ಬಂತು. ಅಳ್ತಿರಲಿಲ್ಲ. "ಅದನ್ನ ತೆಗಿಯೋ. ಈಗಲೇ ತೆಗಿ. ಅಮ್ಮ ಓದ್ತಾ ಇದ್ದಾಳೆ" ಅಂದಳು.

6/7

ಫೋಟೋ: ಬೆಳಗಿನ ಆರು ಗಂಟೆ, ಕಿಟಕಿ, ತಣ್ಣಗಾದ ಚಹಾ.

ಹೆಸರು ತೆಗೆಯೋಕೆ ಎರಡು ನಿಮಿಷ ಸಾಕಾಯ್ತು. ಆದ್ರೆ ಸ್ಕ್ರೀನ್‌ಶಾಟ್ ಆಗಲೇ ಗ್ರೂಪಿನಲ್ಲಿತ್ತು. ಅದನ್ನ ತೆಗೆಯೋ ಸ್ವಿಚ್ ನನ್ನ ಹತ್ರ ಇಲ್ಲ.

ಟೆಕ್ನಿಕಲ್ ಆಗಿ ಸರಿ ಮಾಡಿದ್ದು ಹೇಗೆ ಅಂತ ಕೇಳೋರಿಗೆ: ಹೆಸರು ತಿದ್ದೋ ಸ್ವಿಚ್ ಆಫ್. ಪೂರ್ತಿ ಹೆಸರು ತೋರಿಸೋದು ಆಫ್. ಅಡ್ಮಿನ್ ಪುಟದಲ್ಲಿ ಆ ಅಕೌಂಟಿನ ಲಾಗಿನ್ ಕೊಂಡಿ ಅಳಿಸೋ ಬಟನ್ ಇದೆ, ಒತ್ತಿದೆ. ಅಷ್ಟಕ್ಕೇ ಬಿಟ್ರೆ ಇಮೇಲ್ ಇನ್ನೂ ಅದೇ ಇರೋದರಿಂದ ಮುಂದಿನ ಸಲ ಮತ್ತೆ ಅಂಟಿಕೊಳ್ಳುತ್ತೆ. ಇಮೇಲನ್ನೂ ಬದಲಿಸಬೇಕು. ಬದಲಿಸಿದ್ರೆ ಇನ್ನೊಂದು ತಾಪತ್ರಯ. ಡಿಸ್ಕೋರ್ಸ್ ಕನೆಕ್ಟ್ ಆನ್ ಇದ್ರೆ ಬೇರೆ ಲಾಗಿನ್ ದಾರಿಗಳೆಲ್ಲ ಮುಚ್ಚಿರ್ತವೆ. ವರ್ಡ್‌ಪ್ರೆಸ್‌ನಲ್ಲಿ ಹೆಸರಿಲ್ಲದೇ ಕಟ್ಟೆಗೆ ಬರೋಕೇ ಆಗಲ್ಲ. ಅಂದ್ರೆ ಅವಳಿಗೆ ಬೇಕಿದ್ದ ಆ ಎರಡನೇ ಹೆಸರಿಗೆ ನಾನು ಹಾಕಿದ ಸೇತುವೆಯಲ್ಲಿ ಜಾಗವೇ ಇರಲಿಲ್ಲ.

ಎಲ್ಲರನ್ನೂ ಕರೆದು ಮಾತಾಡಿದೆವು. ಇನ್ನೂ ಮೂರು ಜನ ಆಮೇಲೆ ಒಬ್ಬೊಬ್ಬರೇ ಬಂದು, "ನಾನೂ ಅಲ್ಲಿ ಬೇರೆ ಹೆಸರಲ್ಲಿ ಇದ್ದೆ ಕಣೋ, ಆ ವಾರ ಲಾಗಿನ್ ಆಗಿರಲಿಲ್ಲ, ಬಚಾವಾದೆ" ಅಂದ್ರು. ಕೇಳಿದ್ರೆ ಮೊದಲೇ ಹೇಳ್ತಿದ್ರು. ನಾನು ಕೇಳಿದ್ದು "ಪಾಸ್‌ವರ್ಡ್ ಒಂದೇ ಮಾಡಲಾ?" ಅಂತ. "ನಿಮ್ಮ ಎರಡು ಹೆಸರು ಒಂದೇ ಮಾಡಲಾ?" ಅಂತ ಕೇಳಿರಲಿಲ್ಲ. ಆದ್ರೆ ಮಾಡಿದ್ದು ಎರಡನೇದನ್ನ.

ಆ ವಾರವೇ ಮನುಷ್ಯರ ಕೊಂಡಿ ಕಿತ್ತು ಹಾಕಿದೆ. ಮಾತಿನ ಕೊಂಡಿ ಹಾಗೇ ಇದೆ. ಅದಕ್ಕೆ ಒಂದೇ ಲಾಗಿನ್ ಬೇಕಾಗಿಲ್ಲ. ಆಮೇಲೆ ಹೊಸಬರೆಲ್ಲ ಕಟ್ಟೆಗೆ ಇಮೇಲಿನಿಂದ ಹೊಸ ಪಾಸ್‌ವರ್ಡ್ ಮಾಡ್ಕೋಬೇಕಾಯ್ತು. ಈಗ ಮತ್ತೆ ಎರಡು ಪಾಸ್‌ವರ್ಡ್. ಮತ್ತೆ "ಮರೆತೋಯ್ತು ಕಣೋ". ಯಾರೂ ಬೈಯಲ್ಲ.

7/7

ಫೋಟೋ: ಅದೇ ಮೇಲ್ಸೇತುವೆ, ಹಗಲು.

ಜೂನಿಯರ್ಸ್, ನೀವು ಮಾಡೋದಾದ್ರೆ ಇಷ್ಟು ಮಾಡಿ. ಮೊದಲು ಎರಡೂ ಕಡೆ ಬ್ಯಾಕಪ್. ಎರಡೂ ಪಟ್ಟಿಯ ಇಮೇಲ್ ತಾಳೆ ಹಾಕಿ, ಇಮೇಲ್ ಒಂದೇ ಇದ್ದು ಹೆಸರು ಬೇರೆ ಇರೋ ಅಕೌಂಟ್ ಎಷ್ಟಿವೆ ನೋಡಿ. ಒಂದೇ ಒಂದು ಇದ್ರೂ ನಿಲ್ಲಿಸಿ. ಅವರಿಗೆ ಗ್ರೂಪಿನಲ್ಲಲ್ಲ, ಒಬ್ಬೊಬ್ಬರಿಗೇ ಬರೆದು ಕೇಳಿ. ಇಮೇಲ್ ಖಚಿತ ಮಾಡದೇ ಇರೋ ಅಕೌಂಟುಗಳನ್ನ ಜೋಡಿಸಬೇಡಿ, ಬೇರೆಯವರ ಇಮೇಲ್ ಕೊಟ್ಟು ಯಾರು ಬೇಕಾದ್ರೂ ಒಳಗೆ ಬರಬಹುದು. ಹೆಸರು ತಿದ್ದೋ ಸ್ವಿಚ್ ಮುಟ್ಟಲೇಬೇಡಿ. ಪರೀಕ್ಷೆಯನ್ನ ಕಾಪಿ ಮಾಡಿಟ್ಟ ಸೈಟಿನಲ್ಲಿ ಮಾಡಿ, ಜನ ಓಡಾಡೋ ಕಡೆ ಅಲ್ಲ.

ಅವಳ ಮನೆಯಲ್ಲಿ ಆಮೇಲೆ ಏನಾಯ್ತು ಅನ್ನೋದು ಅವಳ ಕಥೆ. ನಾನು ಹೇಳಲ್ಲ. ಅವಳು ಎಲ್ಲಿಯವಳು, ಏನು ಓದ್ತಾಳೆ ಅಂತ ಕಮೆಂಟಲ್ಲಿ ಊಹೆ ಮಾಡೋಕೆ ಹೋಗಬೇಡಿ, ದಯವಿಟ್ಟು. ಈ ಏಳೂ ಕ್ಯಾಪ್ಶನ್ ಅವಳಿಗೆ ಮೊದಲೇ ಕಳಿಸಿದ್ದೆ. ಓದಿ ಎರಡು ಸಾಲು ತೆಗೆಸಿದಳು. "ಉಳಿದದ್ದು ಹಾಕು. ಇನ್ನೊಬ್ಬರಿಗೆ ಆಗೋದು ಬೇಡ" ಅಂದಳು. ಮಳೆಗಾಲದ ಲೇಖನ ಬ್ಲಾಗಿನಲ್ಲಿ ಈಗಿಲ್ಲ, ಅವಳೇ ತೆಗೆದಳು.

ಗೇಟ್ ಹಾಕಿದಾಗ ಬೈಕೊಂಡು ನಿಂತವರೇ ನಾವೆಲ್ಲ. ಆದ್ರೆ ಗೇಟಿನ ಈ ಕಡೆ ಒಬ್ಬರು, ಆ ಕಡೆ ಇನ್ನೊಬ್ಬರಾಗಿ ಬದುಕೋರೂ ಇರ್ತಾರೆ ಅಂತ ನನಗೆ ಹೊಳೆದಿರಲಿಲ್ಲ.

ಕಳೆದ ತಿಂಗಳು ಕಟ್ಟೆಗೆ ಒಂದು ಹೊಸ ಹೆಸರು ಬಂದಿದೆ. ಚೆನ್ನಾಗಿ ಬರೀತಾರೆ. ಅವಳೇ ಇರಬಹುದು, ಇಲ್ಲದೇನೂ ಇರಬಹುದು. ಅಡ್ಮಿನ್ ನಾನು, ಒಂದು ಬಟನ್ ಒತ್ತಿದ್ರೆ ಇಮೇಲ್ ಕಾಣುತ್ತೆ. ಒತ್ತಿದ್ರೆ ಯಾರು ಒತ್ತಿದ್ದು ಅಂತ ಲಾಗ್‌ನಲ್ಲಿ ದಾಖಲಾಗುತ್ತೆ. ಆ ಲಾಗನ್ನ ಈಗ ತಿಂಗಳಿಗೊಮ್ಮೆ ಎಲ್ಲರಿಗೂ ತೋರಿಸ್ತೀನಿ.

ಈ ತಿಂಗಳದ್ದು ಖಾಲಿ ಇದೆ.

#ಸವಳಂಗರಸ್ತೆ #ಶಿವಮೊಗ್ಗ #ಕಟ್ಟೆಮಾತು #ಕನ್ನಡದಲ್ಲಿಕೋಡಿಂಗ್