ಗೋಡೆ ಹೋಯಿತು, ನಳ ಕೆಮ್ಮಿತು

ಹಾನಗಲ್ಲ, ಸವಣೂರು, ಶಿಗ್ಗಾಂವಿ, ಹಿರೇಕೆರೂರಿನ ಹಳೆಯ ಮನೆಗಳಲ್ಲಿ ಗೋಡೆ ಮೊದಲು, ನಳ ಆಮೇಲೆ. ಮಣ್ಣಿನ ಗೋಡೆ ಕೊರೆದು ಎಂದೋ ಹುಗಿದ ಪೈಪು ಎಲ್ಲಿದೆಯೆಂಬುದು ಮನೆಯವರಿಗೇ ಮರೆತಿರುತ್ತದೆ.

ಹಾನಗಲ್ಲಿನ ಒಂದು ಮನೆಯಲ್ಲಿ ಪಡಸಾಲೆಗೂ ಅಡಿಗೆಮನೆಗೂ ನಡುವಿನ ಗೋಡೆ ತೆಗೆಸಿದರು. ಅದರ ಮೇಲೆ ತೊಲೆಯ ಭಾರವಿಲ್ಲವೆಂದು ಗೌಂಡಿ ಮೊದಲೇ ನೋಡಿಕೊಂಡಿದ್ದ. ಪೈಪಿನ ವಿಚಾರ ಮಾತ್ರ ಯಾರೂ ಎತ್ತಲಿಲ್ಲ. ಗೋಡೆ ಬಿದ್ದ ಮೇಲೆ ಅದನ್ನು ಚಾವಣಿಯ ಹತ್ತಿರ ಏರಿಸಿ, ಆಚೆ ಇಳಿಸಿದರು. ಬಣ್ಣವೂ ಆಯಿತು. ನಳ ತಿರುವಿದರೆ ಮೊದಲು ಕೆಮ್ಮು, ಆಮೇಲೆ ದಾರದಂಥ ನೀರು! ಅಜ್ಜಿ ಮತ್ತೆ ಕೊಡ ಹೊರತೊಡಗಿದರು. ಮೋಟಾರು ಕೂಡಿಸಿರೆಂದು ಒಬ್ಬರು ಸಲಹೆಯಿತ್ತರು. ಎಲ್ಲ ರೋಗಕ್ಕೂ ಅದೇ ಮದ್ದು ತಾನೆ?

9ನೆಯ ತರಗತಿಯ ಮಗಳು ಗೌಂಡಿಯ ಲೆವೆಲ್ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿದಳು. "ಅಪ್ಪಾ, ಬಚ್ಚಲದ ಮ್ಯಾಲಿನ ಟಾಕಿ ತಳಕ್ಕೂ ಈ ಪೈಪಿಗೂ ಒಂದ ಗೇಣು ಅಂತರ ಐತಿ, ಅಷ್ಟ!"

10 ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡ ಹಾಕುತ್ತದೆ. ಒಂದು ಗೇಣಿಗೆ ಎಷ್ಟೆಂದು ಮಕ್ಕಳೇ ಲೆಕ್ಕ ಹಾಕಲಿ. ಏರಿದ ತಿರುವಿನಲ್ಲಿ ಗಾಳಿ ಕೂತರೆ, ಟಾಕಿ ತಳ ಕಂಡ ಹೊತ್ತಿನಲ್ಲಿ ನೀರನ್ನು ಆಚೆ ದೂಡಲು ಉಳಿಯುವುದು ಆ ಗೇಣಿನ ಬಲವೊಂದೇ.

ಹೊಸ ನೆಲವನ್ನೇ ಅಡ್ಡಲಾಗಿ ಅಗೆಯಬೇಕಾಯಿತು. ಅಪ್ಪ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು. ದಪ್ಪ ಪೈಪೊಂದನ್ನು ಹುಗಿದು ನೀರಿನ ಪೈಪನ್ನು ಅದರೊಳಗೆ ಹಾಯಿಸಿದರು, ನಾಳೆ ಸೋರಿದರೆ ಎಳೆದು ತೆಗೆಯಲಿಕ್ಕೆ. ಇಡೀ ರಾತ್ರಿ ನೀರು ತುಂಬಿಟ್ಟು, ಜೋಡಣೆ ಸೋರುವುದಿಲ್ಲವೆಂದು ಖಾತ್ರಿಯಾದ ಮೇಲೆ ನೆಲ ಮುಚ್ಚಿದರು.

ಪೈಪಿನ ಹೊಸ ದಾರಿಯನ್ನು ಮಗಳು ಅಳತೆಸಹಿತ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು, ಅಡಿಗೆಮನೆಯ ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದ್ದಾಳೆ.